ಹೆಡ್‌ಸೆಟ್ ಒಳಗೆ ಬೀಪ್ ಸದ್ದು ಯಾಕಿಲ್ಲ?

ಕಳೆದ ಚೌತಿಗೆ ಡೊಂಬಿವಲಿಯ ಅಕ್ಕನ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ಊಟ ಮುಗಿಯಿತು. ಅಕ್ಕನ ಮಗ ತನ್ನ ವಿಆರ್ ಹೆಡ್‌ಸೆಟ್ ಹೊರಗೆ ತೆಗೆದ. ವಿಆರ್ ಎಂದರೆ ವರ್ಚುವಲ್ ರಿಯಾಲಿಟಿ, ಹೆಡ್‌ಸೆಟ್ ಕಣ್ಣಿಗೆ ಕಟ್ಟಿಕೊಂಡರೆ ಸುತ್ತಲೂ ಬೇರೆಯೇ ಲೋಕ ಕಾಣುತ್ತದೆ. ಸಮುದ್ರದ ತಳದಲ್ಲಿ ಓಡಾಡುವ ಒಂದು ಆಟ ಹಾಕಿ, ಸಾಲಾಗಿ ಎಲ್ಲರ ತಲೆಗೂ ಅದನ್ನು ಕಟ್ಟಿದ.

ದೊಡ್ಡಮ್ಮನ ಕನ್ನಡಕ ಅದರೊಳಗೆ ಹಿಡಿಸಲಿಲ್ಲ. ಕನ್ನಡಕ ತೆಗೆದರೆ ಮೀನೂ ಇಲ್ಲ, ಹವಳವೂ ಇಲ್ಲ, ಬರೀ ನೀಲಿ. ಭಾವನವರಿಗೆ ಒಂದು ಕಣ್ಣು ಮಂಜು. ಹತ್ತಿರ ಬಂದ ಮೀನು, ದೂರದ ಮೀನು ಎರಡೂ ಒಂದೇ ಥರ ಕಂಡವು. ಅತ್ತೆಗೆ ಭುಜದ ನೋವು, ಕೈ ಮೇಲೆತ್ತಿ ಗುರಿ ಹಿಡಿಯಲು ಆಗಲಿಲ್ಲ. ಅಕ್ಕ ತುರುಬು ಕಟ್ಟಿ ಮಲ್ಲಿಗೆ ಮುಡಿದಿದ್ದಳು, ಬೆಲ್ಟ್ ಕೂರಲೇ ಇಲ್ಲ. ನನಗೆ ಎರಡೇ ನಿಮಿಷಕ್ಕೆ ಹೊಟ್ಟೆ ತೊಳಸಿತು. ಕೊನೆಗೆ ನನ್ನ ಗೆಳೆಯನ ಸರದಿ. ಅವನಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಬ್ಯಾಂಕಿನಲ್ಲಿ ಕೆಲಸ. ದಿನಾ ಡೊಂಬಿವಲಿಯಿಂದ ಮುಂಬಯಿಯ ಸಿಎಸ್‌ಎಂಟಿ ಸ್ಟೇಷನ್‌ಗೆ ಲೋಕಲ್ ರೈಲಿನಲ್ಲಿ ಒಬ್ಬನೇ ಹೋಗಿ ಬರುತ್ತಾನೆ. ಹೆಡ್‌ಸೆಟ್ ಹಾಕಿಕೊಂಡು ಸುಮ್ನೆ ಕೂತ. ಆಮೇಲೆ ತೆಗೆದು ಕೊಡುತ್ತಾ, "ಮ್ಯೂಸಿಕ್ ಚೆನ್ನಾಗಿದೆ ಮಾರಾಯ" ಅಂದ.

ಎಲ್ಲರೂ ನಕ್ಕೆವು. ಆದರೆ ಲೆಕ್ಕ ಹಾಕಿ ನೋಡಿ. ಏಳು ಜನರಲ್ಲಿ ಆರು ಮಂದಿಗೆ ಒಂದಲ್ಲ ಒಂದು ತೊಂದರೆ. ಅಂಗವಿಕಲ ಎಂಬ ಸರ್ಟಿಫಿಕೇಟ್ ಇದ್ದದ್ದು ಮಾತ್ರ ಒಬ್ಬನಿಗೆ. ಯಾವ ತೊಂದರೆಯೂ ಇಲ್ಲದೆ ಆಡಿದ್ದು ಹದಿನಾರರ ಹುಡುಗ ಒಬ್ಬನೇ.

2011ರ ಜನಗಣತಿ ಪ್ರಕಾರ ದೇಶದಲ್ಲಿ ಅಂಗವಿಕಲರು 2.68 ಕೋಟಿ. ವಿಆರ್, ಎಆರ್ (ನಿಜ ಲೋಕದ ಮೇಲೆ ಮಾಹಿತಿ ಸೇರಿಸುವ ಆಗ್ಮೆಂಟೆಡ್ ರಿಯಾಲಿಟಿ) ಎಲ್ಲರಿಗೂ ಸಿಗಬೇಕು ಎಂಬ ಮಾತು ಬಂದಾಗ ಜನ ಈ ಅಂಕಿ ಹೇಳಿ ಮುಗಿಸುತ್ತಾರೆ. ದೊಡ್ಡಮ್ಮ, ಅತ್ತೆ, ಭಾವ ಆ ಲೆಕ್ಕದಲ್ಲಿ ಬರುವುದೇ ಇಲ್ಲ. (ಪದದ ಬಗ್ಗೆ ಒಂದು ಮಾತು. ದಿವ್ಯಾಂಗ, ವಿಶೇಷಚೇತನ ಅಂತೆಲ್ಲ ಬರೆಯಬಹುದಿತ್ತು. ಗೆಳೆಯನನ್ನೇ ಕೇಳಿದೆ. "ಹೆಸರು ಏನಾದ್ರೂ ಇಡು, ಬಾಗಿಲು ತೆಗಿ" ಅಂದ.)

ಅವನು ದಿನಾ ಹತ್ತುವ ಡಬ್ಬಾದ ಕಥೆ ಇಲ್ಲಿ ಹೇಳಬೇಕು. ಮುಂಬಯಿ ಲೋಕಲ್‌ಗಳಲ್ಲಿ ಅಂಗವಿಕಲರಿಗೆ ಬೇರೆ ಡಬ್ಬಾ ಇದೆ. ರೈಲು ನಿಲ್ಲುವುದು ಕೆಲವೇ ಸೆಕೆಂಡು. ಅಷ್ಟರೊಳಗೆ ಕಣ್ಣು ಕಾಣದವರು ಆ ಡಬ್ಬಾ ಹುಡುಕುವುದು ಹೇಗೆ? ಅದಕ್ಕೆ ಪ್ಲ್ಯಾಟ್‌ಫಾರ್ಮಿನಲ್ಲಿ ಆ ಡಬ್ಬಾ ಬಂದು ನಿಲ್ಲುವ ಜಾಗದಲ್ಲಿ ಬೀಪ್ ಬೀಪ್ ಎಂದು ಕೂಗುವ ಒಂದು ಸಣ್ಣ ಯಂತ್ರ ಇಟ್ಟಿದ್ದಾರೆ. ಗೆಳೆಯ ಆ ಸದ್ದಿನ ಜಾಡು ಹಿಡಿದು ಹೋಗಿ ನಿಲ್ಲುತ್ತಾನೆ. ನಾವು ಆ ಸದ್ದನ್ನು ದಿನಾ ಕೇಳುತ್ತೇವೆ, ಯಾಕೆ ಅಂತ ಯೋಚಿಸುವುದಿಲ್ಲ. ರೈಲಿನ ಒಳಗೂ ಹಾಗೇ. "ಪುಢೀಲ ಸ್ಟೇಷನ್ ಠಾಣೆ" (ಮುಂದಿನ ಸ್ಟೇಷನ್ ಠಾಣೆ) ಎಂದು ದನಿ ಹೇಳುತ್ತದೆ. ಅದೇ ಹೆಸರು ಬೋರ್ಡಿನಲ್ಲೂ ಓಡುತ್ತದೆ. ಕಿವಿ ಕೇಳದವರು ಓದಿ ಇಳಿಯುತ್ತಾರೆ, ಕಣ್ಣು ಕಾಣದವರು ಕೇಳಿ ಇಳಿಯುತ್ತಾರೆ. ಫೋನಿನಲ್ಲಿ ಮುಳುಗಿದ ನಾನು ಎರಡರಲ್ಲಿ ಯಾವುದಾದರೂ ಒಂದಕ್ಕೆ ಎಚ್ಚರವಾಗುತ್ತೇನೆ.

ಒಂದೇ ಮಾತು, ಎರಡು ಮೂರು ದಾರಿ. ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದವನು. ನನ್ನ ಪ್ರಕಾರ ವಿಆರ್ ವಿಷಯದಲ್ಲಿ ಕೇಳಬೇಕಾದದ್ದೂ ಇಷ್ಟೇ. ತಮಾಷೆ ಎಂದರೆ, ಹೆಡ್‌ಸೆಟ್‌ಗೆ ಇದು ರೈಲ್ವೆಗಿಂತ ಸುಲಭ. ನಿಮ್ಮ ತಲೆ ಯಾವ ಕಡೆ ತಿರುಗಿದೆ ಅಂತ ಅದಕ್ಕೆ ಗೊತ್ತು. ಪ್ರತಿ ವಸ್ತು ಎಷ್ಟು ದೂರದಲ್ಲಿದೆ ಅಂತಲೂ ಗೊತ್ತು. ಎರಡು ಕಿವಿಗೂ ಬೇರೆ ಬೇರೆ ಸದ್ದು ಕೊಟ್ಟು, ಬಾಗಿಲು ಬಲಗಡೆ ಇದೆ ಎಂದು ಬರೀ ಸದ್ದಿನಲ್ಲೇ ತೋರಿಸಬಲ್ಲದು. ಪ್ಲ್ಯಾಟ್‌ಫಾರ್ಮಿನ ಬೀಪ್ ಮಾಡುವ ಕೆಲಸವೇ ಇದು.

ಹಾಗಾದರೆ ಗೆಳೆಯನಿಗೆ ಬರೀ ಮ್ಯೂಸಿಕ್ ಯಾಕೆ ಕೇಳಿಸಿತು?

ಯಾಕೆಂದರೆ ಆ ಲೋಕದಲ್ಲಿ ಯಾವುದಕ್ಕೂ ಹೆಸರಿಲ್ಲ. ಅವನು ಆಫೀಸಿನಲ್ಲಿ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್, ಅಂದರೆ ಪರದೆಯಲ್ಲಿ ಇದ್ದದ್ದನ್ನು ಓದಿ ಹೇಳುವ ಸಾಫ್ಟ್‌ವೇರ್, ಬಳಸುತ್ತಾನೆ. ಆಸ್ಟ್ರೇಲಿಯಾದ ಕಣ್ಣು ಕಾಣದ ಇಬ್ಬರು ಗೆಳೆಯರು, ಮೈಕಲ್ ಕರನ್ ಮತ್ತು ಜೇಮ್ಸ್ ಟೆಹ್, ಕಟ್ಟಿ ಬೆಳೆಸಿದ ಉಚಿತ ಸಾಫ್ಟ್‌ವೇರ್ ಅದು. ವೆಬ್ ಪುಟದಲ್ಲಿ ಒಂದು ಬಟನ್ ಇದ್ದರೆ, ಇದು ಬಟನ್, ಇದರ ಹೆಸರು ‘ಕಳುಹಿಸು’ ಎಂದು ಕೋಡ್‌ನಲ್ಲಿ ಬರೆದಿರುತ್ತದೆ. ಎನ್‌ವಿಡಿಎ ಅದನ್ನು ಓದಿ ಹೇಳುತ್ತದೆ. ವಿಆರ್ ಲೋಕ ಕಟ್ಟುವುದು ಬೇರೆ ರೀತಿ. ಯುನಿಟಿ, ಅನ್‌ರಿಯಲ್‌ನಂಥ ಗೇಮ್ ಎಂಜಿನ್‌ಗಳಲ್ಲಿ (ಆಟ ಕಟ್ಟುವ ಸಾಫ್ಟ್‌ವೇರ್‌ಗಳಲ್ಲಿ) ಮೇಜು ಎಂದರೆ ಸಾವಿರಾರು ತ್ರಿಕೋನಗಳು, ಮೇಲೊಂದು ಬಣ್ಣದ ಹೊದಿಕೆ. ಅದು ಮೇಜು ಅಂತ ಗೊತ್ತಾಗುವುದು ನೋಡುವವರ ಕಣ್ಣಿಗೆ, ಯಂತ್ರಕ್ಕಲ್ಲ. ಡೆವಲಪರ್ ಹೆಸರಿಡದಿದ್ದರೆ ಎಂಜಿನ್ ತಾನೇ ಒಂದು ಹೆಸರಿಟ್ಟುಕೊಳ್ಳುತ್ತದೆ: ಕ್ಯೂಬ್ 17. ನಾಳೆ ಹೆಡ್‌ಸೆಟ್‌ಗೊಂದು ಒಳ್ಳೆಯ ಸ್ಕ್ರೀನ್ ರೀಡರ್ ಬಂತು ಅಂದುಕೊಳ್ಳಿ. ಅದು ಕಿವಿಯಲ್ಲಿ ಉಸುರುವುದೂ ಇದನ್ನೇ. ಕ್ಯೂಬ್ ಹದಿನೇಳು, ಕ್ಯೂಬ್ ಹದಿನೆಂಟು.

ಇದನ್ನು ಚೆನ್ನಾಗಿ ತೋರಿಸಿಕೊಟ್ಟದ್ದು 2019ರ ಒಂದು ಪ್ರಯೋಗ. ಮೈಕ್ರೋಸಾಫ್ಟ್ ಸಂಶೋಧಕರು ಮಂದ ದೃಷ್ಟಿಯವರಿಗಾಗಿ ‘ಸೀಯಿಂಗ್ ವಿಆರ್’ ಎಂಬ ಹೆಸರಿನಲ್ಲಿ 14 ಸಾಧನಗಳನ್ನು ಮಾಡಿದರು. ದೊಡ್ಡದು ಮಾಡಿ ತೋರಿಸುವುದು, ಅಂಚು ಗಾಢ ಮಾಡುವುದು, ಬರಹ ಓದಿ ಹೇಳುವುದು, ಇಂಥವು. ಅದರಲ್ಲಿ 9 ಸಾಧನಗಳನ್ನು ಈಗಾಗಲೇ ತಯಾರಾದ ಆಟಕ್ಕೆ ಹೊರಗಿನಿಂದಲೇ ಜೋಡಿಸಬಹುದಿತ್ತು. ಆಟ ಮಾಡಿದವರ ಸಹಾಯ ಬೇಕಿರಲಿಲ್ಲ. ಉಳಿದ 5ಕ್ಕೆ ಮಾತ್ರ ಮಾಡಿದವರೇ ಒಂದಿಷ್ಟು ಮಾಹಿತಿ ತುಂಬಬೇಕಿತ್ತು. ಎದುರಿಗಿರುವ ವಸ್ತು ಏನು ಎಂದು ವಿವರಿಸಿ ಹೇಳುವುದು ಈ ಐದರ ಗುಂಪಿಗೆ ಸೇರಿದ್ದು. ಅಂದರೆ ಅರ್ಧಕ್ಕಿಂತ ಜಾಸ್ತಿ ತೊಂದರೆಗಳನ್ನು ಮನೆ ಕಟ್ಟಿದ ಮೇಲೂ ಸರಿಮಾಡಬಹುದು. ಆದರೆ ಗೆಳೆಯನಂಥವರಿಗೆ ಬೇಕಾದದ್ದು ಅಡಿಪಾಯ ಹಾಕುವಾಗಲೇ ಬರಬೇಕು. ಅದಕ್ಕೂ ಒಂದು ವರ್ಷ ಮೊದಲು, 2018ರಲ್ಲಿ, ಇದೇ ಕಂಪನಿಯವರು ‘ಕೇನ್‌ಟ್ರೋಲರ್’ ಎಂಬ ಬಿಳಿ ಕೋಲನ್ನು ಮಾಡಿದ್ದರು. ವಿಆರ್ ಒಳಗಿನ ಗೋಡೆಗೆ ಕೋಲು ತಾಗಿದರೆ ಕೈಗೆ ತಡೆ ಸಿಗುತ್ತಿತ್ತು, ನೆಲಕ್ಕೆ ಬಡಿದರೆ ಆ ನೆಲದ ಸದ್ದೇ ಕೇಳುತ್ತಿತ್ತು. ಗೆಳೆಯನಿಗೆ ಇದನ್ನು ಹೇಳಿದಾಗ ಅವನು ಮೊದಲ ಸಲ ಆಸಕ್ತಿಯಿಂದ ಕಿವಿಗೊಟ್ಟ. "ಹೊಸ ಸ್ಟೇಷನ್‌ಗೆ ಹೋಗೋ ಮೊದಲು ಮನೇಲೇ ಕೂತು ಒಂದ್ಸಲ ನಡೆದು ನೋಡಬಹುದು ಅಲ್ವಾ?" ಅಂತ ಕೇಳಿದ. ಕಣ್ಣು ಕಾಣದವರಿಗೆ ವಿಆರ್ ಯಾಕೆ ಎಂದು ಕೇಳುವವರಿಗೆ ನನ್ನ ಹತ್ತಿರ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ.

ಇನ್ನೊಂದು ಉತ್ತರವೂ ಇದೆ, ಅದು ಸ್ವಲ್ಪ ಖಾರ. ಬೆಂಕಿ ಬಿದ್ದಾಗ ಏನು ಮಾಡಬೇಕು, ಕ್ರೇನ್ ಓಡಿಸುವುದು ಹೇಗೆ ಎಂಬಂಥ ತರಬೇತಿಯನ್ನು ಕಂಪನಿಗಳು ಈಗ ಹೆಡ್‌ಸೆಟ್‌ನಲ್ಲಿ ಕೊಡುತ್ತಿವೆ. ವೈದ್ಯಕೀಯ ವಿದ್ಯಾರ್ಥಿಗಳ ಕಲಿಕೆಗೂ ಅದು ಬಂದಿದೆ. ಆಟ ಆಡಲು ಆಗದಿದ್ದರೆ ಮನರಂಜನೆ ಹೋಯಿತು, ಅಷ್ಟೇ. ತರಬೇತಿಗೆ ಕೂರಲು ಆಗದಿದ್ದರೆ ಕೆಲಸವೇ ಹೋಗುತ್ತದೆ.

ಕಿವಿಯ ವಿಷಯ ಇನ್ನೂ ಜಟಿಲ. ಟಿವಿಯಲ್ಲಿ ಸಬ್‌ಟೈಟಲ್ ಹಾಕಲು ಜಾಗ ಒಂದೇ, ಪರದೆಯ ಕೆಳಭಾಗ. ವಿಆರ್‌ನಲ್ಲಿ ಕೆಳಭಾಗ ಯಾವುದು? ನಾಲ್ಕೂ ಕಡೆ ಲೋಕ ಇದೆ. ಬರಹವನ್ನು ತಲೆಯ ಜೊತೆಗೇ ತಿರುಗುವಂತೆ ಇಟ್ಟರೆ ಓದಲು ಸುಲಭ, ಆದರೆ ಕಣ್ಣಿಗೆ ಅಂಟಿದಂತಾಗಿ ತಲೆ ಸುತ್ತುತ್ತದೆ. ಮಾತಾಡುವವರ ಪಕ್ಕದಲ್ಲೇ ಇಟ್ಟರೆ, ಅವರು ನಿಮ್ಮ ಬೆನ್ನ ಹಿಂದಿದ್ದಾಗ ಯಾರೋ ಮಾತಾಡಿದರು ಅಂತಲೇ ಗೊತ್ತಾಗುವುದಿಲ್ಲ. ಆದ್ದರಿಂದ ಬರಹದ ಜೊತೆ ಮಾತು ಯಾವ ಕಡೆಯಿಂದ ಬಂತು ಎಂದು ತೋರಿಸುವ ಬಾಣವೂ ಬೇಕು. ಒಂದೇ ಕಿವಿ ಕೇಳುವವರ ಪಾಡು ಇನ್ನೊಂದು. ನಾನು ಮೇಲೆ ಹೊಗಳಿದ ಎಡ-ಬಲದ ಸದ್ದು ಅವರಿಗೆ ಪ್ರಯೋಜನವೇ ಇಲ್ಲ. ಎರಡೂ ಕಡೆಯ ಸದ್ದು ಬೆರೆತು ಪ್ರತಿ ಕಿವಿಗೂ ಬರುವ ಮೋನೋ ವ್ಯವಸ್ಥೆ ಬೇಕು. ಒಬ್ಬರಿಗೆ ಮದ್ದು, ಇನ್ನೊಬ್ಬರಿಗೆ ಅಡ್ಡಿ. ಅದಕ್ಕೇ ಸ್ವಿಚ್ ಬಳಸುವವರ ಕೈಯಲ್ಲಿರಬೇಕು.

ಸಂಜ್ಞಾ ಭಾಷೆಯ ವಿಷಯದಲ್ಲಿ ನಮ್ಮ ದೇಶದ್ದೇ ಒಂದು ತೊಡಕಿದೆ. ಅಮೆರಿಕದವರು ಅಕ್ಷರಗಳನ್ನು ಒಂದೇ ಕೈಯಲ್ಲಿ ತೋರಿಸುತ್ತಾರೆ. ಭಾರತೀಯ ಸಂಜ್ಞಾ ಭಾಷೆಯಲ್ಲಿ ಹೆಚ್ಚಿನ ಇಂಗ್ಲಿಷ್ ಅಕ್ಷರಗಳಿಗೆ ಎರಡೂ ಕೈ ಬೇಕು, ಬೆರಳಿಗೆ ಬೆರಳು ತಾಗಬೇಕು. ಹೆಡ್‌ಸೆಟ್ ಕ್ಯಾಮೆರಾ ಎಡವುವುದು ಸರಿಯಾಗಿ ಅಲ್ಲೇ. ಒಂದು ಕೈ ಇನ್ನೊಂದರ ಹಿಂದೆ ಹೋದರೆ ಬೆರಳು ಎಲ್ಲಿದೆ ಅಂತ ಅದಕ್ಕೆ ತಿಳಿಯುವುದಿಲ್ಲ. ಕಂಟ್ರೋಲರ್ ಹಿಡಿದರಂತೂ ಕೈಗೆ ಬಾಯಿ ಕಟ್ಟಿದಂತೆ. ಬಾಂದ್ರಾ ರಿಕ್ಲಮೇಶನ್‌ನಲ್ಲಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಇದೆ. ವಾಕ್ ಮತ್ತು ಶ್ರವಣ ದೋಷದ ಕ್ಷೇತ್ರದಲ್ಲಿ 1983ರಿಂದ ಕೆಲಸ ಮಾಡುತ್ತಿದೆ. ಈ ತೊಡಕನ್ನು ಕ್ಯಾಲಿಫೋರ್ನಿಯಾದಲ್ಲಿ ಕೂತವರು ತಾವಾಗಿ ಬಿಡಿಸುವುದಿಲ್ಲ. ಅದು ಬಾಂದ್ರಾದಂಥ ಕಡೆಯಿಂದಲೇ ಹೊರಡಬೇಕು.

ಇನ್ನು ದೇಹ. 1968ರಲ್ಲಿ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಇವಾನ್ ಸದರ್ಲೆಂಡ್ ಮಾಡಿದ ಹೆಡ್‌ಸೆಟ್ ಸೂರಿನಿಂದ ನೇತಾಡುತ್ತಿತ್ತು. ಇವತ್ತಿನ ಮೆಟಾ ಕಂಪನಿಯ ಕ್ವೆಸ್ಟ್ 3 ಸುಮಾರು 515 ಗ್ರಾಂ. ಆಪಲ್ ವಿಷನ್ ಪ್ರೋ 600 ಗ್ರಾಂಗೂ ಮೇಲೆ. ಕುತ್ತಿಗೆ ನೋವಿರುವವರಿಗೆ ಅರ್ಧ ಕಿಲೋ ಅರ್ಧ ಗಂಟೆಯಲ್ಲೇ ಭಾರ. ಹಿಂದಿನ ಕ್ವೆಸ್ಟ್ 2ರಲ್ಲಿ ಎರಡು ಕಣ್ಣಿನ ನಡುವಿನ ಅಂತರಕ್ಕೆ ಇದ್ದದ್ದು ಮೂರೇ ಅಳತೆ: 58, 63, 68 ಮಿಲಿಮೀಟರ್. ಚಪ್ಪಲಿ ಅಂಗಡಿಯಲ್ಲೂ ಇದಕ್ಕಿಂತ ಜಾಸ್ತಿ ಸೈಜ್ ಇರುತ್ತದೆ.

ಹೊಟ್ಟೆ ತೊಳಸುವುದರ ಕಾರಣ ನಮ್ಮ ಊರಿನವರಿಗೆ ಹೇಳುವುದು ಸುಲಭ. ಮುಂಬಯಿಯಿಂದ ಮಂಗಳೂರು ಬಸ್ಸಿನಲ್ಲಿ ಘಾಟಿ ಇಳಿಯುವಾಗ ಪುಸ್ತಕ ಓದಲು ಹೋಗಿ ನೋಡಿ. ಕಣ್ಣಿಗೆ ಪುಸ್ತಕ ನಿಂತಿದೆ, ಕಿವಿಯೊಳಗಿನ ಸಮತೋಲ ಕಾಯುವ ಅಂಗಕ್ಕೆ ಬಸ್ಸು ತಿರುಗುತ್ತಿದೆ. ಎರಡರ ಜಗಳದಲ್ಲಿ ಹೊಟ್ಟೆ ಕೆಡುತ್ತದೆ. ವಿಆರ್‌ನಲ್ಲಿ ಇದೇ ಜಗಳ ತಿರುಗುಮುರುಗು. ಕಣ್ಣು ಓಡುತ್ತಿದೆ, ದೇಹ ಸೋಫಾದಲ್ಲಿದೆ. ನಡೆಯುವ ಬದಲು ಒಂದು ಜಾಗದಿಂದ ಇನ್ನೊಂದಕ್ಕೆ ಚಕ್ಕನೆ ಜಿಗಿಯುವ ವ್ಯವಸ್ಥೆ, ಚಲಿಸುವಾಗ ನೋಟದ ಅಂಚನ್ನು ಕಪ್ಪು ಮಾಡುವುದು ಇವು ಒಂದಿಷ್ಟು ಪರಿಹಾರ ಕೊಡುತ್ತವೆ. ಬೆಳಕಿನ ಮಿಂಚಿಗೆ ಫಿಟ್ಸ್ ಬರುವವರು ಇದ್ದಾರೆ. ಸೆಕೆಂಡಿಗೆ ಮೂರಕ್ಕಿಂತ ಜಾಸ್ತಿ ಸಲ ಮಿಂಚಬಾರದು ಎಂಬ ಹಳೆಯ ವೆಬ್ ನಿಯಮ ಇಲ್ಲಿ ಇನ್ನೂ ಮುಖ್ಯ, ಯಾಕೆಂದರೆ ಕಣ್ಣು ಬೇರೆ ಕಡೆ ತಿರುಗಿಸಲು ಬೇರೆ ಕಡೆ ಎಂಬುದೇ ಇಲ್ಲ.

ನಿಂತು ಆಡಲೇಬೇಕು, ಎರಡೂ ಕೈ ಬೇಕು ಎಂಬುದು ಹೆಚ್ಚಿನ ಸಲ ಬರೀ ಸೋಮಾರಿತನ. 2020ರ ‘ಹಾಫ್‌ಲೈಫ್: ಅಲಿಕ್ಸ್’ ಆಟದಲ್ಲಿ ಕೂತು ಆಡಬಹುದು, ಒಂದೇ ಕೈಯಲ್ಲಿ ಆಡಬಹುದು. ಅಷ್ಟು ದೊಡ್ಡ ಆಟಕ್ಕೆ ಸಾಧ್ಯವಾದದ್ದು ಮಾಲ್‌ನ ಐದು ನಿಮಿಷದ ಆಟಕ್ಕೆ ಆಗುವುದಿಲ್ಲವೇ? ಇಲ್ಲಿನ ಒಂದು ಮಾಲ್‌ನಲ್ಲಿ ವೀಲ್‌ಚೇರ್‌ನಲ್ಲಿದ್ದ ನಮ್ಮ ಪರಿಚಯದ ಹುಡುಗಿಯನ್ನು "ಸೇಫ್ಟಿ ಪ್ರಾಬ್ಲಮ್" ಎಂದು ವಾಪಸ್ ಕಳಿಸಿದರು. ಆ ಆಟ ಯಾವುದು ಗೊತ್ತಾ? ರೋಲರ್ ಕೋಸ್ಟರ್. ಕೂತೇ ನೋಡುವಂಥದ್ದು.

ಕಣ್ಣೋಟದಿಂದ ನಡೆಸುವ ಯಂತ್ರಗಳೂ ಬಂದಿವೆ. ವಿಷನ್ ಪ್ರೋದಲ್ಲಿ ನೀವು ನೋಡಿದ್ದು ಆಯ್ಕೆಯಾಗುತ್ತದೆ, ಬೆರಳು ಚಿವುಟಿದರೆ ಒತ್ತಿದಂತೆ. ಕೈ ಆಡದವರು ಒಂದೇ ಕಡೆ ದಿಟ್ಟಿಸಿಯೇ ಒತ್ತಬಹುದು. ಕಣ್ಣು ನಿಲ್ಲದವರು ತಲೆ, ಮಣಿಕಟ್ಟು ಅಥವಾ ತೋರುಬೆರಳಿನಿಂದ ಗುರಿ ಇಡಬಹುದು. ಒಂದೇ ಕಣ್ಣಿನಿಂದಲೂ ನಡೆಸಬಹುದು. ನಮ್ಮ ಭಾವನವರಿಗೆ ಹೇಳಿ ಮಾಡಿಸಿದ್ದು. ಆದರೆ 2024ರಲ್ಲಿ ಅಮೆರಿಕದಲ್ಲಿ ಬಂದಾಗ ಅದರ ಬೆಲೆ 3,499 ಡಾಲರ್. ಭಾವ ಬೆಲೆ ಕೇಳಿ, "ಇನ್ನೊಂದು ಕಣ್ಣಿನ ಆಪರೇಷನ್ನೇ ಕಮ್ಮಿಗೆ ಆಗುತ್ತೆ" ಅಂದರು.

ಕನ್ನಡದವರಿಗೆ ಇದರ ಮೇಲೆ ಇನ್ನೊಂದು ಗೋಡೆ. ಯುನಿಟಿಯಲ್ಲಿ ಬರಹ ತೋರಿಸಲು ಬಹಳ ಜನ ವರ್ಷಗಳಿಂದ ಬಳಸುತ್ತಾ ಬಂದದ್ದು ಟೆಕ್ಸ್ಟ್‌ಮೆಶ್ ಪ್ರೋ. ಅಕ್ಷರಗಳನ್ನು ಒಂದರ ಪಕ್ಕ ಒಂದು ಇಟ್ಟುಕೊಂಡು ಹೋಗುವುದು ಅದಕ್ಕೆ ಗೊತ್ತು. ಒತ್ತಕ್ಷರ ಕೆಳಗೆ ಕೂರಬೇಕು, ಗುಣಿತದ ಚಿಹ್ನೆ ಅಕ್ಷರದ ಜೊತೆ ಬೆರೆಯಬೇಕು ಎಂಬುದು ಗೊತ್ತಿಲ್ಲ. ‘ರಸ್ತೆ’ ಎಂದು ಬರೆದರೆ ಅದು ಬಿಡಿಬಿಡಿಯಾಗಿ ಚದುರಿ ಬೀಳುತ್ತದೆ. ಇದಕ್ಕೆ ಒಳದಾರಿಗಳಿವೆ, ಬರಹವನ್ನೇ ಚಿತ್ರ ಮಾಡಿ ಅಂಟಿಸುವುದು ಒಂದು. ಹಾಗೆ ಮಾಡಿದರೆ ಸ್ಕ್ರೀನ್ ರೀಡರ್‌ಗೆ ಓದಲು ಏನೂ ಉಳಿಯುವುದಿಲ್ಲ! ಕಣ್ಣಿದ್ದವರಿಗೆ ಕನ್ನಡ ಕಾಣಿಸಲು ಹೋಗಿ ಕಣ್ಣಿಲ್ಲದವರಿಂದ ಕಿತ್ತುಕೊಂಡಂತೆ. ನಮ್ಮ ದೊಡ್ಡಮ್ಮ ಮುಂಬಯಿಯ ಕನ್ನಡ ರಾತ್ರಿ ಶಾಲೆಯಲ್ಲಿ ಕಲಿತವರು. ಇಂಗ್ಲಿಷ್ ಮೆನು ಓದಲು ಬರುವುದಿಲ್ಲ. ಅವರಿಗೆ ಭಾಷೆಯೇ ಮೊದಲ ಮೆಟ್ಟಿಲು, ಕನ್ನಡಕ ಎರಡನೆಯದು.

ಎಆರ್ ಬಗ್ಗೆ ನನಗೆ ಇಷ್ಟು ಚಿಂತೆ ಇಲ್ಲ. ಅದು ನಿಜ ಲೋಕದ ಮೇಲೆ ಮಾಹಿತಿ ಸೇರಿಸುತ್ತದೆ, ಹೊಸ ಲೋಕ ಕಟ್ಟುವುದಿಲ್ಲ. ಗೆಳೆಯ ಫೋನಿನಲ್ಲಿ ಬಿ ಮೈ ಐಸ್ ಬಳಸುತ್ತಾನೆ. 2015ರಲ್ಲಿ ಶುರುವಾದ ಈ ಆ್ಯಪ್‌ನಲ್ಲಿ ಕಣ್ಣಿದ್ದ ಸ್ವಯಂಸೇವಕರು ವಿಡಿಯೋ ಕಾಲ್‌ನಲ್ಲಿ ನೋಡಿ ಹೇಳುತ್ತಿದ್ದರು. 2023ರಿಂದ ಎಐ ಕೂಡ ಚಿತ್ರ ವಿವರಿಸುತ್ತದೆ. 2025ರಲ್ಲಿ ರೇ-ಬ್ಯಾನ್ ಮೆಟಾ ಕನ್ನಡಕ ಭಾರತಕ್ಕೆ ಬಂತು, ಆಗ ಬೆಲೆ 29,900 ರೂಪಾಯಿಯಿಂದ ಶುರುವಾಗಿತ್ತು. ಅದರಲ್ಲಿ ಪರದೆ ಇಲ್ಲ, ಕ್ಯಾಮೆರಾ ಮತ್ತು ಸ್ಪೀಕರ್ ಇದೆ. ಪರದೆ ಇಲ್ಲದ ಕನ್ನಡಕ ಕಣ್ಣಿಲ್ಲದವರಿಗೆ ಉಪಯೋಗಕ್ಕೆ ಬರುತ್ತದೆ ಎಂಬುದೇ ಒಂದು ಸೋಜಿಗ.

ಕಾನೂನು ಏನು ಹೇಳುತ್ತದೆ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿ, ಮಾಹಿತಿ ತಂತ್ರಜ್ಞಾನವೂ ಎಲ್ಲರಿಗೂ ಸಿಗುವಂತಿರಬೇಕು ಎಂದಿತು. ಆದರೆ ಅದರ ನಿಯಮಗಳು ಮಾರ್ಗಸೂಚಿಯ ಮಟ್ಟದಲ್ಲೇ ಉಳಿದವು, ಪಾಲಿಸಿದರೂ ಸರಿ, ಬಿಟ್ಟರೂ ಸರಿ ಎಂಬಂತೆ. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ರಾಜೀವ್ ರತೂರಿ ಪ್ರಕರಣದಲ್ಲಿ ಇದು ಕಾಯ್ದೆಗೇ ವಿರುದ್ಧ, ಕಡ್ಡಾಯ ನಿಯಮ ಮಾಡಿ ಎಂದು ಕೇಂದ್ರಕ್ಕೆ ಹೇಳಿತು. ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು 2025ರ ಏಪ್ರಿಲ್ 30ರ ಪ್ರಜ್ಞಾ ಪ್ರಸೂನ್ ತೀರ್ಪು. ಆಸಿಡ್ ದಾಳಿಯಲ್ಲಿ ಕಣ್ಣಿಗೆ ಪೆಟ್ಟಾದವರು ಡಿಜಿಟಲ್ ಕೆವೈಸಿಯಲ್ಲಿ "ಕಣ್ಣು ಮಿಟುಕಿಸಿ" ಎಂದರೆ ಏನು ಮಾಡಬೇಕು? ಡಿಜಿಟಲ್ ಸೇವೆ ಸಿಗುವುದು ಬದುಕುವ ಹಕ್ಕಿನ ಭಾಗ ಎಂದ ಕೋರ್ಟ್ 20 ಸೂಚನೆಗಳನ್ನು ಕೊಟ್ಟಿತು. ತೀರ್ಪು ಹೆಡ್‌ಸೆಟ್ ಬಗ್ಗೆ ಅಲ್ಲ. ಆದರೆ ಕಣ್ಣೋಟವನ್ನೇ ಬೀಗದ ಕೈ ಮಾಡಿಕೊಂಡ ಪ್ರತಿ ಯಂತ್ರಕ್ಕೂ ಆ ಪ್ರಶ್ನೆ ಬಿಡುವುದಿಲ್ಲ. ಅತ್ತ ವೆಬ್ ನಿಯಮ ರೂಪಿಸುವ ಡಬ್ಲ್ಯು3ಸಿ 2021ರಲ್ಲೇ ವಿಆರ್, ಎಆರ್ ಬಳಸುವವರ ಅಗತ್ಯಗಳನ್ನು ವಿವರವಾಗಿ ಬರೆದಿಟ್ಟಿದೆ. ಅದು ಟಿಪ್ಪಣಿ ಮಾತ್ರ, ಕಡ್ಡಾಯ ಮಾನದಂಡ ಅಲ್ಲ.

ಕಾನೂನು ಬರುವ ಹೊತ್ತಿಗೆ ಲೋಕ ಕಟ್ಟಿ ಮುಗಿದಿರುತ್ತದೆ. ಅದಕ್ಕೇ ನನ್ನ ಕಣ್ಣು ಮುಂಬಯಿಯ ಪೆಡ್ಡರ್ ರೋಡ್ ಮೇಲೆ. 2025ರಲ್ಲಿ ಅಲ್ಲಿನ ಎನ್‌ಎಫ್‌ಡಿಸಿ (ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ) ಆವರಣದಲ್ಲಿ ಭಾರತೀಯ ಸೃಜನಾತ್ಮಕ ತಂತ್ರಜ್ಞಾನ ಸಂಸ್ಥೆ, ಅಂದರೆ ಐಐಸಿಟಿ, ಬಾಗಿಲು ತೆರೆಯಿತು. ಅನಿಮೇಶನ್, ಗೇಮಿಂಗ್ ಜೊತೆಗೆ ವಿಆರ್, ಎಆರ್ ಕಲಿಸುವ ಜಾಗ. ಈಗ ದಾರಿ ನೋಡಿ. ಪೆಡ್ಡರ್ ರೋಡ್ ಇಳಿದರೆ ಹಾಜಿ ಅಲಿ. ಅಲ್ಲಿ ದೇಹದ ವೈಕಲ್ಯಕ್ಕೆ ಚಿಕಿತ್ಸೆ, ಪುನರ್ವಸತಿ ಕೊಡುವ ರಾಷ್ಟ್ರೀಯ ಮಟ್ಟದ ಕೇಂದ್ರ ಇದೆ. ಮುಂದೆ ವರ್ಲಿ ಸೀಫೇಸ್‌ನಲ್ಲಿ 1952ರ ರಾಷ್ಟ್ರೀಯ ಅಂಧರ ಸಂಘ. ಇತ್ತ ಸಿಎಸ್‌ಎಂಟಿ ಹತ್ತಿರ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ದೃಷ್ಟಿ ಸವಾಲಿನವರ ಕೇಂದ್ರ, 2003ರಿಂದ. ಲೋಕ ಕಟ್ಟುವವರೂ ಅದರಲ್ಲಿ ಓಡಾಡಬೇಕಾದವರೂ ಇಷ್ಟು ಹತ್ತಿರ ಇರುವ ಊರು ದೇಶದಲ್ಲಿ ಬೇರೆ ಎಷ್ಟಿವೆ? ಕೋರ್ಸಿನ ಮೊದಲ ತಿಂಗಳಲ್ಲೇ ವಿದ್ಯಾರ್ಥಿಗಳನ್ನು ಬಸ್ಸು ಹತ್ತಿಸಿ ವರ್ಲಿಗೆ ಕಳಿಸಬೇಕು. ಕೊನೆಯ ತಿಂಗಳಲ್ಲಿ ಫೋಟೋ ತೆಗೆಸಿಕೊಳ್ಳಲು ಹೋದರೆ ಪ್ರಯೋಜನ ಇಲ್ಲ. ಮತ್ತೆ, ಅಲ್ಲಿಂದ ಪರೀಕ್ಷಿಸಲು ಬರುವವರಿಗೆ ದುಡ್ಡು ಕೊಡಬೇಕು. ನಾನು ಟೆಸ್ಟಿಂಗ್ ಮಾಡಿದರೆ ಸಂಬಳ, ಗೆಳೆಯ ಮಾಡಿದರೆ ಚಾ-ಬಿಸ್ಕತ್ತು ಎಂಬುದು ಯಾವ ನ್ಯಾಯ?

ದೀಪಾವಳಿ ರಜೆಯಲ್ಲಿ ಅಕ್ಕನ ಮಗ ಯುನಿಟಿ ಕಲಿತು ಒಂದು ಸಣ್ಣ ಲೋಕ ಮಾಡಿದ. ಡೊಂಬಿವಲಿ ಪ್ಲ್ಯಾಟ್‌ಫಾರ್ಮು. ಒಂದು ಬೆಂಚು, ಒಂದು ವಡಾಪಾವ್ ಅಂಗಡಿ, ಡಬ್ಬಾ ನಿಲ್ಲುವ ಜಾಗದಲ್ಲಿ ಬೀಪ್. ಸುಮಾರು ನಲವತ್ತು ವಸ್ತುಗಳಿಗೆ ಕೂತು ಹೆಸರಿಟ್ಟ, ಒಂದು ಸಂಜೆ ಹಿಡಿಯಿತು. ಹೆಸರುಗಳನ್ನು ತನ್ನ ದನಿಯಲ್ಲೇ ಕನ್ನಡದಲ್ಲಿ ರೆಕಾರ್ಡ್ ಮಾಡಿದ.

ಗೆಳೆಯ ಹಾಕಿಕೊಂಡ. ತಲೆ ಆಚೀಚೆ ತಿರುಗಿಸಿದ. "ವಡಾಪಾವ್ ಅಂಗಡಿ, ಎಡಕ್ಕೆ ನಾಲ್ಕು ಹೆಜ್ಜೆ" ಎಂದು ಕೇಳಿಸಿತು. ಹೋಗಿ ಅಂಗಡಿ ಮುಂದೆ ನಿಂತ. ಅಲ್ಲಿಂದ ಬೀಪ್ ಹುಡುಕಿಕೊಂಡು ಡಬ್ಬಾದ ಜಾಗಕ್ಕೂ ಬಂದ. ನಾವು ಚಪ್ಪಾಳೆ ತಟ್ಟುವ ಹೊತ್ತಿಗೆ ಅವನ ದೂರು ಶುರುವಾಯಿತು. ಅಂಗಡಿಯಲ್ಲಿ ಎಣ್ಣೆ ಕಾಯುವ ಸದ್ದು ಯಾಕಿಲ್ಲ? ಬೀಪ್ ತಲೆಯೊಳಗೇ ಕೂಗಿದ ಹಾಗಿದೆ, ಕಮ್ಮಿ ಮಾಡುವುದು ಹೇಗೆ?

"ಅದಕ್ಕೆ ಬೇರೆ ಮೆನು ಹಾಕಿದ್ದೀನಿ ಮಾಮ, ಬಲಗಡೆ ಮೇಲೆ ನೋಡಿ" ಅಂದ ಹುಡುಗ.

ಗೆಳೆಯ ಬಲಕ್ಕೆ ತಿರುಗಿ ತಲೆ ಮೇಲೆತ್ತಿದ. ಸ್ವಲ್ಪ ಹೊತ್ತು ಕಿವಿಗೊಟ್ಟ. "ಇಲ್ಲೇನೂ ಕೇಳಿಸ್ತಾನೇ ಇಲ್ವಲ್ಲೋ. ಇದಕ್ಕೆ ಹೆಸರು ಇಟ್ಟಿದ್ದೀಯಾ?"

ಹುಡುಗ ಲ್ಯಾಪ್‌ಟಾಪ್ ತೆರೆದು ನೋಡಿದ. ಅಲ್ಲಿ ‘ಸ್ಲೈಡರ್ 1’ ಎಂದಿತ್ತು.